ಒಂದು ಸಲ ಬಂದ ಜ್ವರ ಮತ್ತೆ ಬಂದಾಗ ಮೈಯೊಳಗೆ ಏನಾಗುತ್ತದೆ?

ಮಳೆ ಬಿಟ್ಟು ಬಿಟ್ಟು ಬರುವ ತಿಂಗಳುಗಳಲ್ಲಿ ಕೋಲಾರ, ಚಿಂತಾಮಣಿ, ಗೌರಿಬಿದನೂರು, ತುಮಕೂರು, ಎಲ್ಲಿಯ ಲ್ಯಾಬ್‌ಗೆ ಹೋದರೂ ಜ್ವರದವರ ಕೈಯಲ್ಲಿ ಒಂದೇ ತರಹದ ರಿಪೋರ್ಟ್ ಕಾಣುತ್ತದೆ. ಅದರಲ್ಲಿ ಮೂರು ಸಾಲು: ಎನ್‌ಎಸ್‌1, ಐಜಿಎಂ, ಐಜಿಜಿ. ಪಕ್ಕದಲ್ಲಿ ಪಾಸಿಟಿವ್ ಅಥವಾ ನೆಗೆಟಿವ್. ಹೆಚ್ಚಿನವರು ನೋಡುವುದು ಡೆಂಗ್ಯೂ ಇದೆಯಾ ಇಲ್ಲವಾ ಅಂತ ಮಾತ್ರ. ಆಮೇಲೆ ಕಣ್ಣು ನೇರ ಪ್ಲೇಟ್‌ಲೆಟ್ ಸಂಖ್ಯೆಗೆ ಹೋಗುತ್ತದೆ. ಆದರೆ ಆ ಮೂರು ಸಾಲಿನಲ್ಲಿ ಇನ್ನೊಂದು ವಿಷಯದ ಸುಳಿವೂ ಇರುತ್ತದೆ. ಈ ಮೈಗೆ ಡೆಂಗ್ಯೂ ಬಂದಿದ್ದು ಇದೇ ಮೊದಲೋ, ಹಿಂದೆಯೂ ಒಮ್ಮೆ ಬಂದು ಹೋಗಿತ್ತೋ ಅನ್ನುವುದು.

‘ಒಂದು ಸಲ ಬಂದು ಹೋಯ್ತಲ್ಲ, ಇನ್ನು ಬರಲ್ಲ ಬಿಡಿ’ ಅನ್ನುವ ಮಾತು ನಮ್ಮ ಮನೆಗಳಲ್ಲಿ ತುಂಬಾ ಹಳೆಯದು. ಅಮ್ಮ, ಅಂದರೆ ಚಿಕನ್‌ಪಾಕ್ಸ್, ಬಂದ ಮಗುವನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಹೀಗೇ ಸಮಾಧಾನ ಹೇಳುತ್ತಿದ್ದರು. ದಡಾರಕ್ಕೂ ಮಂಗನಬಾವಿಗೂ ಇದೇ ಮಾತು. ಅದು ಸುಮ್ನೆ ಹುಟ್ಟಿದ್ದಲ್ಲ, ತಲೆಮಾರುಗಳು ಕಣ್ಣಾರೆ ಕಂಡು ಹೇಳಿದ್ದು. ಈ ರೋಗಗಳ ಮಟ್ಟಿಗೆ ಬಹುಪಾಲು ನಿಜವೂ ಹೌದು. ಡೆಂಗ್ಯೂ ವಿಷಯದಲ್ಲಿ ಮಾತ್ರ ಇದೇ ಮಾತನ್ನು ನಂಬಿ ಕೂತರೆ ಜೀವಕ್ಕೇ ಅಪಾಯ. ಯಾಕೆ ಅಂತ ತಿಳಿಯಬೇಕಾದರೆ ಮೊದಲ ಸೋಂಕಿನಲ್ಲಿ ಮೈ ಏನು ಮಾಡುತ್ತದೆ, ಎರಡನೇ ಸಲ ಏನು ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೊದಲ ಸಲ

ಸೊಳ್ಳೆ ಕಚ್ಚಿದಾಗ ವೈರಸ್ ಚರ್ಮದೊಳಗೆ ಇಳಿಯುತ್ತದೆ. ಅಲ್ಲಿನ ಜೀವಕೋಶಗಳನ್ನು ಹೊಕ್ಕು ತನ್ನ ಪ್ರತಿಗಳನ್ನು ಮಾಡಿಕೊಳ್ಳಲು ಶುರು ಮಾಡುತ್ತದೆ. ಇದು ಯಾವ ವೈರಸ್ ಅಂತ ಮೈಗೆ ಆಗ ಗೊತ್ತಿರುವುದಿಲ್ಲ. ಏನೋ ಒಂದು ಹೊರಗಿನದು ಒಳಗೆ ಬಂದಿದೆ ಅಂತ ಮಾತ್ರ ಗೊತ್ತಾಗುತ್ತದೆ. ಸೋಂಕು ತಗುಲಿದ ಜೀವಕೋಶಗಳು ಇಂಟರ್‌ಫೆರಾನ್ ಅನ್ನುವ ರಾಸಾಯನಿಕವನ್ನು ಬಿಡುತ್ತವೆ. ಅದು ತಾಗಿದ ಅಕ್ಕಪಕ್ಕದ ಜೀವಕೋಶಗಳು ವೈರಸ್ ಬೆಳೆಯದ ಹಾಗೆ ತಮ್ಮ ಒಳಗಿನ ಕೆಲಸವನ್ನೇ ಬದಲಿಸಿಕೊಳ್ಳುತ್ತವೆ. ಸಿಕ್ಕಿದ್ದನ್ನು ನುಂಗುವ ಬಿಳಿ ರಕ್ತಕಣಗಳು ಆ ಜಾಗಕ್ಕೆ ಬರುತ್ತವೆ. ಮೆದುಳು ಮೈಯ ಬಿಸಿಯನ್ನು ಬೇಕೆಂದೇ ಏರಿಸುತ್ತದೆ. ಜ್ವರ, ಮೈಕೈ ನೋವು, ಏನೂ ಬೇಡ ಅನ್ನಿಸುವ ಸುಸ್ತು, ಇವುಗಳಲ್ಲಿ ಬಹಳಷ್ಟು ವೈರಸ್ ಕೊಟ್ಟಿದ್ದಲ್ಲ. ನಮ್ಮ ಮೈಯೇ ಬಿಟ್ಟ ರಾಸಾಯನಿಕಗಳ ಫಲ.

ಈ ಮೊದಲ ಪ್ರತಿಕ್ರಿಯೆ ಗಂಟೆಗಳಲ್ಲೇ ಶುರುವಾಗುತ್ತದೆ. ಎಲ್ಲ ರೋಗಾಣುಗಳಿಗೂ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಎಷ್ಟೋ ಸಣ್ಣ ಸೋಂಕುಗಳು ಇಲ್ಲಿಗೇ ಮುಗಿದುಹೋಗುತ್ತವೆ, ನಮಗೆ ಗೊತ್ತೂ ಆಗುವುದಿಲ್ಲ.

ಮುಗಿಯದಿದ್ದರೆ ಎರಡನೇ ಕೆಲಸ ಶುರುವಾಗುತ್ತದೆ. ಚರ್ಮದಲ್ಲಿರುವ ಡೆಂಡ್ರೈಟಿಕ್ ಅನ್ನುವ ಕಣಗಳು ವೈರಸ್‌ನ ಚೂರುಗಳನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತವೆ. ಕಾಲಿನ ಗಾಯ ಕೀವಾದಾಗ ತೊಡೆಸಂದಿಯಲ್ಲಿ, ಗಂಟಲು ನೋವು ಬಂದಾಗ ದವಡೆ ಕೆಳಗೆ ಮುಟ್ಟಿದರೆ ನೋಯುವ ಗಂಟು ಸಿಗುತ್ತದಲ್ಲ, ಅದೇ ಈ ಗ್ರಂಥಿ. ಅದು ಊದುವುದು ಒಳಗೆ ಕೆಲಸ ನಡೆದಿರುವುದಕ್ಕೆ.

ಏನು ಆ ಕೆಲಸ? ಹುಡುಕಾಟ. ನಮ್ಮ ಮೈಯಲ್ಲಿ ಬಿ ಮತ್ತು ಟಿ ಅಂತ ಎರಡು ಬಗೆಯ ಬಿಳಿ ಕಣಗಳಿವೆ. ಒಂದೊಂದು ಕಣದ ಮೇಲೂ ಒಂದೇ ಆಕಾರದ ಗ್ರಾಹಕ ಇರುತ್ತದೆ. ತನಗೆ ಹೊಂದುವ ಆಕಾರವನ್ನು ಮಾತ್ರ ಅದು ಹಿಡಿಯಬಲ್ಲದು. ಈ ಆಕಾರಗಳು ಕೋಟ್ಯಂತರ ಬಗೆಯವು. ರೋಗ ಬಂದ ಮೇಲೆ ತಯಾರಾಗುವುದಲ್ಲ, ಮೊದಲೇ ತಯಾರಾಗಿ ಇರುತ್ತವೆ. ನಮ್ಮ ಜೀನ್‌ಗಳ ತುಂಡುಗಳನ್ನು ಹೇಗೆಂದರೆ ಹಾಗೆ ಕಲಸಿ ಜೋಡಿಸಿ ಮೈ ಇಷ್ಟೊಂದು ಬಗೆಗಳನ್ನು ಮಾಡಿಟ್ಟಿರುತ್ತದೆ. ಇದನ್ನು ಕಂಡುಹಿಡಿದ ಜಪಾನಿನ ಸುಸುಮು ಟೊನೆಗಾವ ಅವರಿಗೆ 1987ರಲ್ಲಿ ನೊಬೆಲ್ ಬಂತು. ಯೋಚಿಸಿ ನೋಡಿ, ಇನ್ನೂ ಜಗತ್ತಿನಲ್ಲೇ ಹುಟ್ಟದ ವೈರಸ್‌ಗೂ ಹೊಂದುವ ಕಣ ನಮ್ಮೊಳಗೆ ಈಗಾಗಲೇ ಇರಬಹುದು. ಈ ವಿಷಯವನ್ನು ಎಷ್ಟು ಸಲ ಓದಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ತೊಂದರೆ ಏನೆಂದರೆ, ಬಗೆಗಳು ಜಾಸ್ತಿ ಇರುವುದರಿಂದ ಒಂದೊಂದು ಬಗೆಯಲ್ಲಿ ಕಣಗಳು ತೀರಾ ಕಡಿಮೆ. ಹೊಸ ವೈರಸ್‌ಗೆ ಹೊಂದುವ ಕಣ ಲಕ್ಷಕ್ಕೊಂದು, ಕೆಲವು ಸಲ ಅದಕ್ಕಿಂತಲೂ ವಿರಳ. ಅವು ಗ್ರಂಥಿಯಿಂದ ಗ್ರಂಥಿಗೆ ಸುತ್ತುತ್ತಾ ಬಂದು ಆ ಚೂರನ್ನು ಕಾಣಬೇಕು. ಕಂಡ ಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಸಾವಿರಾರು ಆಗಬೇಕು. ದಿನಕ್ಕೆ ಎರಡು ಮೂರು ಸಲ ಒಡೆದರೂ ಇದಕ್ಕೆ ದಿನಗಳು ಹಿಡಿಯುತ್ತವೆ. ಆದ್ದರಿಂದಲೇ ಮೊದಲ ಸಲದ ಸೋಂಕಿನಲ್ಲಿ ಪ್ರತಿಕಾಯಗಳು, ಅಂದರೆ ವೈರಸ್‌ಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್‌ಗಳು, ರಕ್ತದಲ್ಲಿ ಕಾಣಿಸಲು ಐದರಿಂದ ಏಳು ದಿನ ಬೇಕು. ಪೂರ್ತಿ ಮಟ್ಟಕ್ಕೆ ಬರಲು ಎರಡು ವಾರ. ಅಷ್ಟು ದಿನ ವೈರಸ್ ಕೈಯೇ ಮೇಲು.

ಬಿ ಕಣಗಳು ಬೆಳೆದು ಪ್ರತಿಕಾಯಗಳನ್ನು ರಕ್ತಕ್ಕೆ ಬಿಡುತ್ತವೆ. ಮೊದಲು ಬರುವುದು ಐಜಿಎಂ. ಬೇಗ ತಯಾರಾಗುತ್ತದೆ, ಆದರೆ ಹಿಡಿತ ಅಷ್ಟು ಗಟ್ಟಿಯಲ್ಲ. ಆಮೇಲೆ ಅದೇ ಕಣಗಳು ಐಜಿಜಿ ಮಾಡಲು ಶುರು ಮಾಡುತ್ತವೆ. ಟಿ ಕಣಗಳಲ್ಲಿ ಒಂದು ಗುಂಪು ಬಿ ಕಣಗಳಿಗೆ ನೆರವಾಗುತ್ತದೆ. ಇನ್ನೊಂದು ಗುಂಪು ವೈರಸ್ ಹೊಕ್ಕ ಜೀವಕೋಶಗಳನ್ನೇ ಹುಡುಕಿ ಕೊಲ್ಲುತ್ತದೆ.

ಜ್ವರ ಇಳಿದ ಮೇಲೆ ಉಳಿಯುವುದು

ವೈರಸ್ ಖಾಲಿಯಾದ ಮೇಲೆ ಅಷ್ಟೊಂದು ಕಣಗಳು ಬೇಕಿಲ್ಲ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಾಯುತ್ತವೆ. ಉಳಿಯುವ ಕೆಲವು ನಮ್ಮ ಕಡೆಯ ರೈತರು ಮುಂದಿನ ಬಿತ್ತನೆಗೆ ಎತ್ತಿಡುವ ರಾಗಿ ತೆನೆಯ ಹಾಗೆ. ಬೆಳೆದಿದ್ದರಲ್ಲಿ ಹೆಚ್ಚಿನದು ಊಟಕ್ಕೆ ಹೋಗುತ್ತದೆ, ಬೀಜಕ್ಕೆ ಮಾತ್ರ ತುಂಬಿದ, ಗಟ್ಟಿ ತೆನೆಯನ್ನೇ ಆರಿಸುತ್ತಾರೆ. ಮೈಯೂ ಆರಿಸುತ್ತದೆ. ಗ್ರಂಥಿಯೊಳಗೆ ಬಿ ಕಣಗಳು ಒಡೆಯುವಾಗ ಅವುಗಳ ಪ್ರತಿಕಾಯದ ಆಕಾರದಲ್ಲಿ ಸಣ್ಣ ಸಣ್ಣ ಬದಲಾವಣೆಗಳು ಆಗುತ್ತಾ ಇರುತ್ತವೆ. ವೈರಸ್ ಅನ್ನು ಇನ್ನೂ ಗಟ್ಟಿಯಾಗಿ ಹಿಡಿಯುವವು ಉಳಿಯುತ್ತವೆ, ಸಡಿಲವಾದವು ಸಾಯುತ್ತವೆ. ಈ ಆಯ್ಕೆ ವಾರಗಟ್ಟಲೆ ನಡೆಯುತ್ತದೆ. ಅಂದರೆ ನೀವು ಎದ್ದು ಹೊಲಕ್ಕೋ ಆಫೀಸಿಗೋ ಹೋಗಲು ಶುರು ಮಾಡಿದ ಮೇಲೂ ಒಳಗೆ ಕಲಿಕೆ ನಿಂತಿರುವುದಿಲ್ಲ.

ಹೀಗೆ ಉಳಿದ ಕಣಗಳು ಎರಡು ಕಡೆ ಇರುತ್ತವೆ. ಕೆಲವು ಮೂಳೆಯೊಳಗಿನ ಮಜ್ಜೆಯಲ್ಲಿ ಕೂತು ವರ್ಷಗಟ್ಟಲೆ ಪ್ರತಿಕಾಯ ಬಿಡುತ್ತಲೇ ಇರುತ್ತವೆ. ಐಜಿಜಿ ರಕ್ತದಲ್ಲಿ ಮೂರು ವಾರಕ್ಕೆ ಅರ್ಧಕ್ಕೆ ಇಳಿಯುತ್ತದೆ. ಆದರೂ ಹತ್ತಾರು ವರ್ಷದ ನಂತರ ರಕ್ತ ಪರೀಕ್ಷೆಯಲ್ಲಿ ಅದು ಸಿಗುತ್ತದೆ ಅಂದರೆ ಯಾರೋ ಹೊಸದಾಗಿ ಮಾಡುತ್ತಲೇ ಇದ್ದಾರೆ ಅಂತ ಅರ್ಥ. ಉಳಿದ ಕೆಲವು ನೆನಪಿನ ಬಿ ಮತ್ತು ಟಿ ಕಣಗಳಾಗಿ ಸುಮ್ಮನೆ ಓಡಾಡಿಕೊಂಡಿರುತ್ತವೆ.

ಮತ್ತೆ ಅದೇ ವೈರಸ್ ಬಂತು ಅಂದುಕೊಳ್ಳಿ. ರಕ್ತದಲ್ಲಿ ಮೊದಲೇ ಇರುವ ಐಜಿಜಿ ಅದನ್ನು ಬಾಗಿಲಲ್ಲೇ ಹಿಡಿಯಬಹುದು. ತಪ್ಪಿಸಿಕೊಂಡರೆ ನೆನಪಿನ ಕಣಗಳು ಎಚ್ಚರಗೊಳ್ಳುತ್ತವೆ. ಈಗ ಅವು ಲಕ್ಷಕ್ಕೊಂದಲ್ಲ, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತವೆ. ಒಂದರಿಂದ ಮೂರು ದಿನದಲ್ಲೇ ಪ್ರತಿಕಾಯ ಏರುತ್ತದೆ. ಬರುವುದೂ ಆರಿಸಿಟ್ಟ, ಗಟ್ಟಿ ಹಿಡಿತದ ಐಜಿಜಿ. ಎಷ್ಟೋ ಸಲ ಜ್ವರವೇ ಬರುವುದಿಲ್ಲ. ನಾವು ‘ಮತ್ತೆ ಬರಲಿಲ್ಲ’ ಅಂದುಕೊಳ್ಳುತ್ತೇವೆ. ನಿಜವಾಗಿ ರೋಗಾಣು ಬಂದಿತ್ತು, ರೋಗ ಬರಲಿಲ್ಲ ಅಷ್ಟೇ.

ಈ ನೆನಪು ಎಷ್ಟು ಕಾಲ ಉಳಿಯಬಹುದು ಅನ್ನುವುದಕ್ಕೆ ಹಳೆಯ ಒಂದು ಸಾಕ್ಷಿ ಇದೆ. ಯುರೋಪಿನ ಉತ್ತರದ ಸಮುದ್ರದಲ್ಲಿ ಫೇರೋ ಅನ್ನುವ ದ್ವೀಪಗಳಿವೆ. ಅಲ್ಲಿಗೆ 1781ರಲ್ಲಿ ದಡಾರ ಬಂದು ಹೋಗಿತ್ತು. ಆಮೇಲೆ 65 ವರ್ಷ ಸುಳಿವೇ ಇಲ್ಲ. 1846ರಲ್ಲಿ ಮತ್ತೆ ಬಂದಾಗ ಎಂಟು ಸಾವಿರದಷ್ಟೂ ಇಲ್ಲದ ಜನಸಂಖ್ಯೆಯಲ್ಲಿ ಸುಮಾರು 6,000 ಜನ ಮಲಗಿದರು. ಡೆನ್ಮಾರ್ಕಿನ ಪೀಟರ್ ಪಾನುಮ್ ಅನ್ನುವ ಯುವ ಡಾಕ್ಟರ್ ಊರೂರು ತಿರುಗಿ ವಿಚಾರಿಸಿದರು. 1781ರಲ್ಲಿ ದಡಾರ ಬಂದಿದ್ದ ಮುದುಕರಲ್ಲಿ ತಮಗೆ ಗೊತ್ತಾದ ಮಟ್ಟಿಗೆ ಒಬ್ಬರಿಗೂ ಎರಡನೇ ಸಲ ಬರಲಿಲ್ಲ ಅಂತ ಬರೆದಿಟ್ಟರು.

ನಮ್ಮ ಜಿಲ್ಲೆಗಳಲ್ಲೂ ಇದರ ಇನ್ನೊಂದು ಮುಖ ಕಂಡಿದೆ. 2006ರಲ್ಲಿ ಚಿಕುನ್‌ಗುನ್ಯಾ ತುಮಕೂರು, ಕೋಲಾರದ ಹಳ್ಳಿಗಳನ್ನು ಹೇಗೆ ಮಲಗಿಸಿತು ಅಂತ ದೊಡ್ಡವರಿಗೆಲ್ಲ ನೆನಪಿದೆ. ಚಿಕ್ಕಬಳ್ಳಾಪುರ ಆಗಿನ್ನೂ ಕೋಲಾರ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. 2006ರಲ್ಲಿ ರಾಜ್ಯದಲ್ಲಿ 7.5 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಒಂದೇ ಮನೆಯ ಅಜ್ಜ, ಸೊಸೆ, ಮೊಮ್ಮಗು ಎಲ್ಲರೂ ಒಟ್ಟಿಗೆ ಮಂಡಿ ಹಿಡಿದುಕೊಂಡು ಕೂರುವ ಸ್ಥಿತಿ. ಯಾಕೆ ವಯಸ್ಸಿನ ಭೇದ ಇರಲಿಲ್ಲ? 1973ರಲ್ಲಿ ಮಹಾರಾಷ್ಟ್ರದ ಬಾರ್ಸಿಯಲ್ಲಿ ಕಂಡ ಮೇಲೆ 2005ರವರೆಗೆ ಈ ವೈರಸ್ ದೇಶದಲ್ಲಿ ದೊಡ್ಡದಾಗಿ ಕಾಣಿಸಿಯೇ ಇರಲಿಲ್ಲ. ಮುದುಕರ ಮೈಗೂ ಅದು ಮಗುವಿನ ಮೈಗೆ ಇದ್ದಷ್ಟೇ ಹೊಸದು.

ಆವತ್ತು ಚಿಕುನ್‌ಗುನ್ಯಾ ಬಂದವರಿಗೆ ಅದೇ ಸೋಂಕು ಮತ್ತೆ ಬರುವುದು ಅಪರೂಪ. ಆಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕೀಲು ನೋವು ಬಂದು ಹೋಗಿ ಆಗುತ್ತಿತ್ತಲ್ಲ, ಅದು ಹೊಸ ಸೋಂಕಲ್ಲ. ಮೊದಲಿನದೇ ಉಳಿಸಿಹೋದ ಉರಿಯೂತ.

ನೆಗಡಿ ಮಾತ್ರ ಯಾಕೆ ಬಿಡುವುದಿಲ್ಲ?

ಮೈ ನೆನಪಿಟ್ಟುಕೊಳ್ಳುವುದು ರೋಗದ ಹೆಸರನ್ನಲ್ಲ, ರೋಗಾಣುವಿನ ಆಕಾರವನ್ನು. ನೆಗಡಿ ತರುವ ರೈನೋವೈರಸ್ ಒಂದರಲ್ಲೇ 160ಕ್ಕೂ ಹೆಚ್ಚು ಬಗೆ. ಒಂದರ ನೆನಪು ಇನ್ನೊಂದಕ್ಕೆ ಅಷ್ಟಾಗಿ ನೆರವಾಗುವುದಿಲ್ಲ. ಫ್ಲೂ ವೈರಸ್ ವರ್ಷವರ್ಷವೂ ಮೇಲ್ಮೈ ಬದಲಿಸಿಕೊಳ್ಳುತ್ತದೆ. ಧನುರ್ವಾಯುವಿನದು ಇನ್ನೂ ವಿಚಿತ್ರ. ಅದರ ವಿಷ ಎಷ್ಟು ತೀಕ್ಷ್ಣವೆಂದರೆ ಮನುಷ್ಯನನ್ನು ಸಾಯಿಸಲು ಸಾಕಾಗುವ ಪ್ರಮಾಣ ಮೈಗೆ ಪಾಠ ಕಲಿಸಲು ಸಾಕಾಗುವುದಿಲ್ಲ. ಧನುರ್ವಾಯು ಬಂದು ಬದುಕಿದವರಿಗೂ ಲಸಿಕೆ ಹಾಕಲೇಬೇಕು.

ಡೆಂಗ್ಯೂವಿನ ಎರಡನೇ ಸಲ

ಈಗ ಆ ಮೂರು ಸಾಲಿನ ರಿಪೋರ್ಟ್‌ಗೆ ಬರೋಣ. ಡೆಂಗ್ಯೂ ಅನ್ನುವುದು ಒಂದು ವೈರಸ್ ಅಲ್ಲ, ನಾಲ್ಕು. ಒಂದಕ್ಕೊಂದು ತುಂಬಾ ಹೋಲುತ್ತವೆ, ಆದರೆ ಒಂದೇ ಅಲ್ಲ. ಒಂದನೇ ಬಗೆ ಬಂದು ಹೋದರೆ ಅದರ ವಿರುದ್ಧ ರಕ್ಷಣೆ ಬಹುಕಾಲ ಇರುತ್ತದೆ. ಉಳಿದ ಮೂರರ ವಿರುದ್ಧವೂ ಕೆಲವು ತಿಂಗಳು ಇರುತ್ತದೆ. ಆಮೇಲೆ ಆ ಪ್ರತಿಕಾಯಗಳು ಕಡಿಮೆಯಾಗುತ್ತಾ ಬಂದಾಗಲೇ ಕಷ್ಟ.

ಎರಡನೇ ಬಗೆಯ ವೈರಸ್ ಮೈಗೆ ಬಂತು. ಹಳೆಯ ಪ್ರತಿಕಾಯ ಅದನ್ನು ಗುರುತಿಸುತ್ತದೆ, ಹೋಗಿ ಅಂಟಿಕೊಳ್ಳುತ್ತದೆ. ಆದರೆ ಹಿಡಿತ ಸಡಿಲ, ಸಂಖ್ಯೆಯೂ ಸಾಲದು. ವೈರಸ್ ಸಾಯುವುದಿಲ್ಲ. ಈ ಹೊತ್ತಿಗೆ ನುಂಗುವ ಬಿಳಿ ಕಣಗಳು ಬರುತ್ತವೆ. ಪ್ರತಿಕಾಯ ಅಂಟಿದ್ದನ್ನು ನುಂಗುವುದು ಅವುಗಳ ಸಹಜ ಕೆಲಸ. ನುಂಗುತ್ತವೆ. ಡೆಂಗ್ಯೂ ವೈರಸ್ ಬೆಳೆಯುವುದೇ ಆ ಕಣಗಳ ಒಳಗೆ! ಕಾಪಾಡಬೇಕಾದ ಪ್ರತಿಕಾಯವೇ ವೈರಸ್ ಅನ್ನು ಅದಕ್ಕೆ ಬೇಕಾದ ಜಾಗಕ್ಕೆ ಕರೆದುಕೊಂಡು ಹೋದಂತಾಯಿತು. ವೈರಸ್ ಹಲವು ಪಟ್ಟು ಹೆಚ್ಚುತ್ತದೆ. ಹಳೆಯ ನೆನಪಿನ ಟಿ ಕಣಗಳೂ ಒಮ್ಮೆಲೇ ಎದ್ದು ರಾಸಾಯನಿಕಗಳನ್ನು ಸುರಿಸುತ್ತವೆ. ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ರಕ್ತದ ನೀರಿನಂಶ ಹೊರಗೆ ಸೋರುತ್ತದೆ. ಬಿಪಿ ಕುಸಿಯುವುದು ಇದರಿಂದ.

ಇದನ್ನು ದೊಡ್ಡ ಮಟ್ಟದಲ್ಲಿ ಕಂಡಿದ್ದು ಕ್ಯೂಬಾದಲ್ಲಿ. 1977ರಲ್ಲಿ ಅಲ್ಲಿ ಒಂದನೇ ಬಗೆಯ ಡೆಂಗ್ಯೂ ಹರಡಿತು, ಹೆಚ್ಚಾಗಿ ಸೌಮ್ಯವಾಗಿತ್ತು. 1981ರಲ್ಲಿ ಎರಡನೇ ಬಗೆ ಬಂತು. ಆಗ 158 ಜನ ಸತ್ತರು. 1997ರಲ್ಲಿ ಸ್ಯಾಂಟಿಯಾಗೊ ಡಿ ಕ್ಯೂಬಾ ಊರಿಗೆ ಮತ್ತೆ ಎರಡನೇ ಬಗೆ ಬಂದಾಗ ತೀವ್ರ ಕಾಯಿಲೆ ಬಿದ್ದವರು ಹೆಚ್ಚುಕಡಿಮೆ ಎಲ್ಲರೂ ದೊಡ್ಡವರೇ. ಇಪ್ಪತ್ತು ವರ್ಷದ ಹಿಂದೆ ಒಂದನೇ ಬಗೆ ತಗುಲಿದ್ದವರು ಅವರೇ ಆಗಿದ್ದರು. ಮಕ್ಕಳಿಗೆ ಅದು ಮೊದಲ ಸಲ.

ಹೆದರಿಸಲು ಇದನ್ನು ಹೇಳುತ್ತಿಲ್ಲ. ಎರಡನೇ ಸಲ ಡೆಂಗ್ಯೂ ಬಂದವರಲ್ಲೂ ಹೆಚ್ಚಿನವರು ಚೆನ್ನಾಗಿ ಗುಣವಾಗುತ್ತಾರೆ. ಆದರೆ ಡಾಕ್ಟರ್ ಬಳಿ ಹೋದಾಗ ‘ಮೂರು ವರ್ಷದ ಹಿಂದೆ ಡೆಂಗ್ಯೂ ಆಗಿತ್ತು’ ಅಂತ ತಾವಾಗಿಯೇ ಹೇಳುವವರು ಕಡಿಮೆ. ದಯವಿಟ್ಟು ಹೇಳಿ. ರಿಪೋರ್ಟ್ ಕೂಡ ಸುಳಿವು ಕೊಡುತ್ತದೆ. ಎನ್‌ಎಸ್‌1 ಅನ್ನುವುದು ವೈರಸ್‌ನದೇ ಪ್ರೋಟೀನ್, ಜ್ವರದ ಮೊದಲ ದಿನದಿಂದಲೇ ಸಿಗುತ್ತದೆ. ಮೊದಲ ಸಲವಾದರೆ ನಾಲ್ಕೈದು ದಿನಕ್ಕೆ ಐಜಿಎಂ ಕಾಣುತ್ತದೆ, ಐಜಿಜಿ ಅದಕ್ಕೂ ಹಿಂದೆ ಮೆಲ್ಲಗೆ ಬರುತ್ತದೆ. ಎರಡನೇ ಸಲವಾದರೆ ಲೆಕ್ಕ ತಿರುಗುಮುರುಗು. ಮೊದಲ ದಿನಗಳಲ್ಲೇ ಐಜಿಜಿ ಜೋರಾಗಿ ಏರಿರುತ್ತದೆ, ಐಜಿಎಂ ಕಡಿಮೆ ಇರಬಹುದು, ಎನ್‌ಎಸ್‌1 ಬೇಗ ನೆಗೆಟಿವ್ ಆಗಬಹುದು. ಎನ್‌ಎಸ್‌1 ನೆಗೆಟಿವ್ ಬಂತು, ಡೆಂಗ್ಯೂ ಇಲ್ಲ ಅಂತ ನಾವೇ ತೀರ್ಮಾನ ಮಾಡಬಾರದು.

ಇನ್ನೊಂದು ಮಾತು, ಇದನ್ನು ನಾನು ಯಾರಿಗಾದರೂ ಒತ್ತಿ ಹೇಳುತ್ತೇನೆ. ಡೆಂಗ್ಯೂವಿನಲ್ಲಿ ಅಪಾಯದ ಹೊತ್ತು ಜ್ವರ ಸುಡುವಾಗ ಅಲ್ಲ, ಜ್ವರ ಇಳಿಯುವಾಗ. ಮೂರರಿಂದ ಏಳನೇ ದಿನದ ನಡುವೆ. ಜ್ವರ ಬಿಟ್ಟಿತು ಅಂತ ಮನೆಯವರು ನಿರಾಳವಾಗುವ ಹೊತ್ತಿಗೇ ರಕ್ತನಾಳ ಸೋರಲು ಶುರುವಾಗಿರಬಹುದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಮಂಕು ಅಥವಾ ಚಡಪಡಿಕೆ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಪ್ಲೇಟ್‌ಲೆಟ್ ಎಷ್ಟೇ ಇರಲಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವ ಹೆಚ್ಚಿಸಬಹುದು, ಬೇಡ.

ಕೂಸುಗಳಲ್ಲಿ ಮೊದಲ ಸೋಂಕೇ ಎರಡನೆಯದರಂತೆ ನಡೆದುಕೊಳ್ಳಬಹುದು. ಗರ್ಭದಲ್ಲಿರುವಾಗ ತಾಯಿಯ ಐಜಿಜಿ ಮಗುವಿಗೆ ಹೋಗಿರುತ್ತದೆ. ತಾಯಿಗೆ ಡೆಂಗ್ಯೂ ಬಂದಿದ್ದರೆ ಆ ಪ್ರತಿಕಾಯ ಮೊದಲ ಕೆಲವು ತಿಂಗಳು ಮಗುವನ್ನು ಕಾಯುತ್ತದೆ. ಆರು ತಿಂಗಳ ಆಸುಪಾಸಿನಲ್ಲಿ ಅದು ಅರೆಬರೆಯಾದಾಗ ಅದೇ ತೊಂದರೆ ಕೊಡಬಲ್ಲದು. ಬಿಸಿಲುಹೊತ್ತಿನಲ್ಲಿ ಮಲಗುವ ಕೂಸಿಗೂ ಸೊಳ್ಳೆಪರದೆ ಬೇಕು, ಯಾಕೆಂದರೆ ಈ ಸೊಳ್ಳೆ ಕಚ್ಚುವುದು ಹಗಲಲ್ಲಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲೂ ವರ್ಷಪೂರ್ತಿ ತುಂಬಿ ಹರಿಯುವ ನದಿ ಇಲ್ಲ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಕಡೆ ಡ್ರಮ್ಮು, ಸಂಪು, ತೊಟ್ಟಿ ತುಂಬಿಡದೆ ಬದುಕು ನಡೆಯುವುದಿಲ್ಲ. ಸೊಳ್ಳೆಗೂ ಅದೇ ಬೇಕು. ನೀರು ಚೆಲ್ಲಿದರಷ್ಟೇ ಸಾಲದು, ಡ್ರಮ್ಮಿನ ಒಳಬದಿಯನ್ನು ತಿಕ್ಕಬೇಕು. ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ನೆನಪು ಸೋಲುವುದೂ ಉಂಟು

ಅಮ್ಮ ಬಂದು ಹೋದ ಮೇಲೂ ಆ ವೈರಸ್ ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಳಲ್ಲಿ ಅಡಗಿರುತ್ತದೆ. ಟಿ ಕಣಗಳ ನೆನಪು ಅದನ್ನು ಹತೋಟಿಯಲ್ಲಿ ಇಟ್ಟಿರುತ್ತದೆ. ವಯಸ್ಸಾಗಿ ಆ ನೆನಪು ಸೊರಗಿದಾಗ ಅದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಸರ್ಪಸುತ್ತು ಅನ್ನುವುದು ಅದನ್ನೇ. ಯಾವ ಹಾವಿನ ದೋಷವೂ ಅಲ್ಲ. ಬೇಗ, ಸಾಧ್ಯವಾದರೆ ಮೂರು ದಿನದೊಳಗೆ ಔಷಧಿ ಶುರು ಮಾಡಿದರೆ ಒಳ್ಳೆಯದು.

ದಡಾರ ಇನ್ನೂ ಕ್ರೂರಿ. ಅದು ನೆನಪಿನ ಕಣಗಳನ್ನೇ ಹೊಕ್ಕು ಕೊಲ್ಲುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಲಸಿಕೆ ಹಾಕಿಸಿರದ 77 ಮಕ್ಕಳ ರಕ್ತವನ್ನು ದಡಾರದ ಮೊದಲು ಮತ್ತು ನಂತರ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಹೊರಬಂತು. ಬೇರೆ ಬೇರೆ ರೋಗಾಣುಗಳ ವಿರುದ್ಧ ಆ ಮಕ್ಕಳು ಗಳಿಸಿದ್ದ ಪ್ರತಿಕಾಯಗಳ ಬಗೆಗಳಲ್ಲಿ 11ರಿಂದ 73 ಶೇಕಡಾ ಅಳಿಸಿಹೋಗಿದ್ದವು. ಒಂಬತ್ತು ತಿಂಗಳಿಗೆ ಆಶಾ ಕಾರ್ಯಕರ್ತೆ ಬಂದು ಕರೆಯುವ ಆ ಎಂಆರ್ (ದಡಾರ-ರುಬೆಲ್ಲಾ) ಚುಚ್ಚುಮದ್ದು ದಡಾರವೊಂದನ್ನೇ ತಡೆಯುವುದಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಲಸಿಕೆ ಅಂದರೆ ರೋಗ ಇಲ್ಲದ ಮೊದಲ ಸೋಂಕು, ಬೇರೇನೂ ಅಲ್ಲ. ತಾಯಿ ಕಾರ್ಡ್‌ನಲ್ಲಿ 6, 10, 14 ವಾರ ಅಂತ ಬಿಡುವು ಕೊಟ್ಟಿರುವುದು ಗಟ್ಟಿ ಹಿಡಿತದ ಬಿ ಕಣಗಳನ್ನು ಆರಿಸುವ ಆ ಕೆಲಸ ನಡೆಯಲಿ ಅಂತ. ಇಂಜೆಕ್ಷನ್ ಹಾಕಿದ ರಾತ್ರಿ ಮಗು ಬಿಸಿಯಾಗುವುದೂ ಆ ಮೊದಲ ಪ್ರತಿಕ್ರಿಯೆಯೇ.

ಮೊದಲ ಸಲಕ್ಕೂ ಎರಡನೇ ಸಲಕ್ಕೂ ಇರುವ ವ್ಯತ್ಯಾಸ ಆಸ್ಪತ್ರೆಯಲ್ಲಿ ಕಣ್ಣಿಗೆ ಕಾಣುವಂತೆ ಇರುವುದು ನಾಯಿ ಕಡಿತದ ಚಿಕಿತ್ಸೆಯಲ್ಲಿ. ಮೊದಲ ಸಲ ಕಚ್ಚಿ ರಕ್ತ ಬಂದಿದ್ದರೆ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದ ಮೇಲೆ ಎರಡು ಕೆಲಸ ಆಗಬೇಕು. ಒಂದು, ಲಸಿಕೆ. ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ. ಎರಡು, ಗಾಯದ ಸುತ್ತಲೇ ಇಮ್ಯುನೊಗ್ಲೋಬುಲಿನ್, ಅಂದರೆ ಸಿದ್ಧ ಪ್ರತಿಕಾಯ. ಮೈ ತನ್ನದೇ ಪ್ರತಿಕಾಯ ಮಾಡಲು ವಾರದ ಮೇಲೆ ಬೇಕು, ಅಷ್ಟು ದಿನ ಕಾಯಲು ಆಗುವುದಿಲ್ಲ. ಆ ಇಂಜೆಕ್ಷನ್ ನೋಯುತ್ತದೆ ಅಂತ ಬೇಡ ಅನ್ನಬೇಡಿ. ಎಲ್ಲ ಡೋಸ್ ಮುಗಿಸಿದವರಿಗೆ ವರ್ಷಗಳ ನಂತರ ಮತ್ತೆ ಕಚ್ಚಿದರೆ 0 ಮತ್ತು 3ನೇ ದಿನ ಎರಡೇ ಡೋಸ್. ಇಮ್ಯುನೊಗ್ಲೋಬುಲಿನ್ ಬೇಕಿಲ್ಲ, ನೆನಪಿನ ಕಣಗಳು ಕೆಲವೇ ದಿನದಲ್ಲಿ ಆ ಕೆಲಸ ಮಾಡುತ್ತವೆ. ಹಳೆಯ ಚೀಟಿ ಕಳೆದುಹೋಗಿ ಡೋಸ್ ಪೂರ್ತಿ ಆಗಿತ್ತೋ ಇಲ್ಲವೋ ಹೇಳಲಾಗದಿದ್ದರೆ ಮಾತ್ರ ಡಾಕ್ಟರ್ ಅವರನ್ನು ಮೊದಲ ಸಲ ಕಚ್ಚಿಸಿಕೊಂಡವರಂತೆಯೇ ನೋಡಿ ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕಾಗುತ್ತದೆ.